ಕರಾಟೆ ಕಿಂಗ್ ಎಂಬ ಬಿರುದು, ಶಂಕರನಾಗ್ ಎಂಬ ರಂಗಕರ್ಮಿ

ಪ್ರತಿವರ್ಷ ಸೆಪ್ಟೆಂಬರ್ 30 ಸಮೀಪಿಸಿದಾಗ ಗಡಿನಾಡಿನ ಕನ್ನಡಿಗರಾದ ನಮ್ಮ ಮನಸ್ಸು ಒಂದು ರಸ್ತೆಯ ಕಡೆಗೆ ಹೊರಳುತ್ತದೆ. ಕೊಲ್ಹಾಪುರದ ಮಗ್ಗುಲಲ್ಲಿ ಹಾದು, ಕಾಗಲ ದಾಟಿ, ನಿಪ್ಪಾಣಿಯ ಬಳಿ ಕರ್ನಾಟಕವನ್ನು ಹೊಕ್ಕು, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆಗಳನ್ನು ಪೋಣಿಸುತ್ತ ಬೆಂಗಳೂರನ್ನು ಸೇರುವ ಹೆದ್ದಾರಿ ಅದು. ನಮ್ಮ ಊರುಗಳ ಸಕ್ಕರೆ, ಬೆಲ್ಲ, ಇಚಲಕರಂಜಿಯ ಮಗ್ಗದ ಬಟ್ಟೆ ಎಲ್ಲವೂ ದಕ್ಷಿಣಕ್ಕೆ ಸಾಗುವುದು ಆ ದಾರಿಯಲ್ಲೇ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಅದೇ ಹೆದ್ದಾರಿಯ ಮೇಲೆ, ದಾವಣಗೆರೆಯ ಸಮೀಪದ ಆನಗೋಡಿನಲ್ಲಿ ನಟ, ನಿರ್ದೇಶಕ ಶಂಕರನಾಗ್ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಅವರಿಗೆ 36 ವರ್ಷ ತುಂಬಲು ಇನ್ನೂ 40 ದಿನ ಬಾಕಿ ಇದ್ದವು.

ಅವರು ಹೊರಟದ್ದು ಲೋಕಾಪುರಕ್ಕೆ. ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಆ ಊರಿನಲ್ಲಿ ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣವಿತ್ತು. ಮೂಲ ನಾಟಕ ಚಂದ್ರಶೇಖರ ಕಂಬಾರರದು. ಕಂಬಾರರ ಹುಟ್ಟೂರಾದ ಘೋಡಗೇರಿ ಇರುವುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ, ಅಂದರೆ ಗಡಹಿಂಗ್ಲಜದವರಾದ ನಮಗೆ ನೆರೆಯ ತಾಲೂಕಿನಲ್ಲಿ. ನಮ್ಮ ಊರಿನ ಹಿರಣ್ಯಕೇಶಿ ಹೊಳೆ ಹರಿದು ಹೋಗುವುದೂ ಸಂಕೇಶ್ವರದ ಮೂಲಕ ಆ ಸೀಮೆಗೇ. ನಮ್ಮ ಕಡೆಯ ಆಡುಮಾತಿನಲ್ಲಿ ಬರೆದ ನಾಟಕವೊಂದು ಬೆಳ್ಳಿತೆರೆಗೆ ಬರುತ್ತಿದ್ದಾಗ, ಅದರ ಕೆಲಸಕ್ಕೆ ಹೊರಟಿದ್ದವರು ದಾರಿಯಲ್ಲೇ ಉಳಿದರು. ಈ ಕಾರಣಕ್ಕೆ ಅವರ ಸಾವನ್ನು ನಾವು ದೂರದ ಬೆಂಗಳೂರಿನ ಸುದ್ದಿಯೆಂದು ಎಂದೂ ಭಾವಿಸಲಿಲ್ಲ.

ಆದರೆ ಇಂದು ನಮ್ಮ ಶಾಲೆಗಳ ಮಕ್ಕಳಿಗೆ ಶಂಕರನಾಗ್ ಎಂದರೆ ಯಾರು? ನಿಪ್ಪಾಣಿ, ಸಂಕೇಶ್ವರಗಳಲ್ಲಿ ಆಟೊಗಳ ಹಿಂಬದಿಗೆ ಅಂಟಿಸಿದ ಒಂದು ಚಿತ್ರ, ಅದರ ಕೆಳಗೆ ‘ಕರಾಟೆ ಕಿಂಗ್’ ಎಂಬ ಎರಡು ಪದ. ಈ ಎರಡು ಪದಗಳ ಹಿಂದೆ ಮರೆಯಾದ ಮನುಷ್ಯನನ್ನು ಮಕ್ಕಳ ಮುಂದೆ ಮತ್ತೆ ನಿಲ್ಲಿಸುವುದು ಶಿಕ್ಷಕರಾದ ನಮ್ಮ ಕರ್ತವ್ಯವೆಂದು ತಿಳಿದು ಈ ಬರಹವನ್ನು ಕೈಗೆತ್ತಿಕೊಂಡಿದ್ದೇವೆ.

ಕೊಂಕಣಿ ಮನೆ, ಮರಾಠಿ ರಂಗ, ಕನ್ನಡ ತೆರೆ

ಶಂಕರ ನಾಗರಕಟ್ಟೆ ಅವರು ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಪರಿಸರದಲ್ಲಿ. ಮನೆಮಾತು ಕೊಂಕಣಿ. ತಂದೆ ಸದಾನಂದ, ತಾಯಿ ಆನಂದಿ. ಅಣ್ಣ ಅನಂತ ಮುಂದೆ ಅನಂತನಾಗ್ ಎಂದು ಪ್ರಸಿದ್ಧರಾದರು. ನಾಗರಕಟ್ಟೆ ಎಂಬ ಮನೆತನದ ಹೆಸರಿನ ಮೊದಲೆರಡು ಅಕ್ಷರಗಳೇ ಅಣ್ಣತಮ್ಮಂದಿರಿಬ್ಬರ ಹೆಸರಿನ ಕೊನೆಗೆ ನಿಂತವು.

ಓದು ಮುಗಿಸಿ ಮುಂಬಯಿಗೆ ಹೋದ ಶಂಕರ ಅವರನ್ನು ರಂಗಭೂಮಿ ಸೆಳೆಯಿತು. 1970ರ ದಶಕದ ಮುಂಬಯಿಯಲ್ಲಿ ಮರಾಠಿ ನಾಟಕವು ಹೊಸ ಪ್ರಯೋಗಗಳಿಂದ ತುಂಬಿ ತುಳುಕುತ್ತಿದ್ದ ಕಾಲ ಅದು. ನಟನೆ, ಬೆಳಕು, ರಂಗಸಜ್ಜಿಕೆ, ಸಂಭಾಷಣೆಯ ಹದ ಇವೆಲ್ಲವನ್ನೂ ಅವರು ಕಲಿತದ್ದು ಮರಾಠಿ ಮಾತಿನ ನಡುವೆ. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯವಾದದ್ದೂ ಮುಂಬಯಿಯ ರಂಗದ ಮೇಲೆಯೇ. ಚಾಪೇಕರ ಸಹೋದರರು ಪುಣೆಯಲ್ಲಿ ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನನ್ನು ಕೊಂದ ಪ್ರಸಂಗವನ್ನು ಆಧರಿಸಿದ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಚಿತ್ರಕಥೆಯಲ್ಲಿ ಅವರ ಕೈಯಿತ್ತು. 1979ರ ಆ ಚಿತ್ರವನ್ನು ನಚಿಕೇತ ಮತ್ತು ಜಯೂ ಪಟವರ್ಧನ ದಂಪತಿಗಳು ನಿರ್ದೇಶಿಸಿದರು. ಮರಾಠಿ ಚಿತ್ರರಸಿಕರು ಇಂದಿಗೂ ಗೌರವದಿಂದ ನೆನೆಯುವ ಆ ಕೃತಿಯ ಹಿಂದೆ ಒಬ್ಬ ಕನ್ನಡದ ನಟನಿದ್ದನೆಂಬುದು ಕೊಲ್ಹಾಪುರದ ನಮ್ಮ ಮರಾಠಿ ಗೆಳೆಯರಲ್ಲಿ ಬಹುಮಂದಿಗೆ ತಿಳಿಯದು. ನಮ್ಮವರಿಗೂ ತಿಳಿಯದು.

1978ರಲ್ಲಿ ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು ತೆಗೆದರು. ಮಧ್ಯಯುಗದ ಕರ್ನಾಟಕ, ಜಗಳವಾಡುವ ದಾಯಾದಿಗಳು, ಸಂಬಳಕ್ಕೆ ಕತ್ತಿ ಹಿಡಿಯುವ ಯೋಧರು. ಜಪಾನಿನ ಅಕಿರಾ ಕುರೊಸಾವಾ ಅವರ ಸಾಮುರಾಯ್ ಚಿತ್ರಗಳ ಪ್ರೇರಣೆ ಅದರಲ್ಲಿ ಸ್ಪಷ್ಟವಾಗಿತ್ತು. ಗಂಡುಗಲಿ ಎಂಬ ಕೂಲಿ ಯೋಧನ ಪಾತ್ರಕ್ಕೆ ಕಾರ್ನಾಡರು ಆರಿಸಿದ್ದು ಶಂಕರ ಅವರನ್ನು. ಎದುರಿಗೆ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸು ನಿಂತರು. ಚಿತ್ರವು ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರನಾಗ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಅದು ಅವರ ಮೊದಲ ಚಿತ್ರ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅವರು ತೆರೆಗೆ ಬಂದದ್ದೇ ಹೋರಾಟದ ಚಿತ್ರದಿಂದ. ಆದರೆ ಆ ಹೋರಾಟಕ್ಕೆ ಅರ್ಥವಿತ್ತು, ಕಾಲವಿತ್ತು, ಸೋಲೂ ಇತ್ತು. ಕತ್ತಿ ಹಿಡಿದವನ ಕೈಗಿಂತ ಅವನ ಒಂಟಿತನವೇ ಅಲ್ಲಿ ಮುಖ್ಯವಾಗಿತ್ತು. ಮುಂದೆ ಅವರ ಪಾಲಿಗೆ ಬಂದ ಹೊಡೆದಾಟಗಳು ಬೇರೆಯೇ ಬಗೆಯವು.

ಕರಾಟೆಯ ಅಲೆ

1973ರಲ್ಲಿ ಬ್ರೂಸ್ ಲೀ ಅವರ ‘ಎಂಟರ್ ದ ಡ್ರ್ಯಾಗನ್’ ಬಿಡುಗಡೆಯಾಯಿತು. ಅದು ತೆರೆಗೆ ಬರುವ ಮುನ್ನವೇ, 32ನೆಯ ವಯಸ್ಸಿನಲ್ಲಿ, ನಾಯಕ ತೀರಿಕೊಂಡಿದ್ದರು. ಆ ಚಿತ್ರ ಜಗತ್ತಿನಾದ್ಯಂತ ಎಬ್ಬಿಸಿದ ಅಲೆ ಕೆಲವೇ ವರ್ಷಗಳಲ್ಲಿ ಭಾರತದ ಸಣ್ಣ ಪಟ್ಟಣಗಳನ್ನೂ ಮುಟ್ಟಿತು. ಕರಾಟೆಯ ಬೇರು ಇರುವುದು ಜಪಾನಿನ ಓಕಿನಾವಾ ದ್ವೀಪದಲ್ಲಿ. ಲೀ ಅವರು ಕಲಿತು ಬೆಳೆಸಿದ ವಿದ್ಯೆಯ ಬೇರು ಚೀನದ ಕುಂಗ್ ಫೂ ಪರಂಪರೆಯಲ್ಲಿ. ನಮ್ಮ ಪ್ರೇಕ್ಷಕರು ಈ ಭೇದವನ್ನು ಎಣಿಸಲಿಲ್ಲ. ಕಾಲೆತ್ತಿ ಒದ್ದದ್ದೆಲ್ಲ ಕರಾಟೆಯಾಯಿತು. ಬಿಳಿ ಅಂಗಿ ತೊಟ್ಟು ಹೆಂಚು ಒಡೆಯುವ ಹುಡುಗರು ಊರೂರಲ್ಲಿ ಕಾಣಿಸಿಕೊಂಡರು.

ಚಿತ್ರೋದ್ಯಮಕ್ಕೆ ಇದು ಅನುಕೂಲವಾಗಿತ್ತು. ಕತ್ತಿವರಸೆಯ ಚಿತ್ರಕ್ಕೆ ಕುದುರೆ, ಕೋಟೆ, ಪೋಷಾಕು ಬೇಕು. ಕರಾಟೆಯ ಹೊಡೆದಾಟಕ್ಕೆ ಒಂದು ಗೋದಾಮು, ನಾಲ್ಕು ಖಾಲಿ ಪೀಪಾಯಿ, ಚುರುಕಾದ ಒಬ್ಬ ನಾಯಕ ಸಾಕು. ಹಳೆಯ ಸಾಹಸಚಿತ್ರಗಳು ಬಯಸುತ್ತಿದ್ದ ಪೈಲ್ವಾನನ ಎದೆಗಟ್ಟೂ ಇಲ್ಲಿ ಬೇಡ. ತೆಳ್ಳನೆಯ ಮೈ, ವೇಗ, ಕಣ್ಣಿನ ತೀಕ್ಷ್ಣತೆ ಇದ್ದರೆ ಉಳಿದುದನ್ನು ಕ್ಯಾಮೆರಾ ಮತ್ತು ಕತ್ತರಿ ನೋಡಿಕೊಳ್ಳುತ್ತಿದ್ದವು. ಕ್ಯಾಮೆರಾವನ್ನು ನೆಲದ ಸಮೀಪ ಇಟ್ಟರೆ ಒದೆತ ಎತ್ತರವಾಗಿ ಕಾಣುತ್ತದೆ. ಹೊಡೆತ ತಗಲುವ ಕ್ಷಣದಲ್ಲಿ ದೃಶ್ಯವನ್ನು ಕತ್ತರಿಸಿದರೆ ವೇಗ ಇಮ್ಮಡಿಯಾಗುತ್ತದೆ. ಸದ್ದನ್ನು ಆಮೇಲೆ ಸೇರಿಸಬಹುದು. ಹಿಂದಿಯಲ್ಲೂ ಇದೇ ನಡೆಯಿತು. ‘ಮೃಗಯಾ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದು ಬಂದ ಮಿಥುನ್ ಚಕ್ರವರ್ತಿ ಅವರು 1983ರ ಹೊತ್ತಿಗೆ ‘ಕರಾಟೆ’ ಎಂಬ ಹೆಸರಿನ ಚಿತ್ರದಲ್ಲಿಯೇ ನಾಯಕರಾಗಿದ್ದರು. ಪ್ರಶಸ್ತಿಯಿಂದ ಆರಂಭವಾಗಿ ಒದೆತದ ಕಡೆಗೆ ಸಾಗಿದ ದಾರಿಯಲ್ಲಿ ಶಂಕರನಾಗ್ ಒಬ್ಬಂಟಿಯಾಗಿರಲಿಲ್ಲ.

1979ರಲ್ಲಿ ವಿ. ಸೋಮಶೇಖರ್ ನಿರ್ದೇಶನದ ‘ಸೀತಾರಾಮು’ ಬಂತು. ಮಂಜುಳಾ ನಾಯಕಿಯಾಗಿದ್ದ ಆ ಚಿತ್ರ ಜನರಿಗೆ ಹಿಡಿಸಿತು. ರಂಗಭೂಮಿಯ ಹುಡುಗ ವ್ಯಾಪಾರಿ ಚಿತ್ರಗಳ ನಾಯಕನಾದದ್ದು ಅಲ್ಲಿಂದ. 1980ರ ‘ಆಟೊ ರಾಜ’ ಅವರನ್ನು ಬೀದಿಬೀದಿಗೆ ಒಯ್ದಿತು. 1981ರ ‘ಗೀತಾ’ ಅವರನ್ನು ತರುಣರ ಪ್ರೇಮದ ನಾಯಕನನ್ನಾಗಿಸಿತು. ಮಾರಕ ರೋಗಕ್ಕೆ ತುತ್ತಾದ ಹುಡುಗಿಯನ್ನು ಪ್ರೀತಿಸುವ ಯುವಕನ ಆ ಕಥೆಯನ್ನು ಅವರೇ ನಿರ್ದೇಶಿಸಿದರು. ಇಳಯರಾಜ ಸಂಗೀತ ನೀಡಿದರು. ಇಂದಿಗೂ ನಮ್ಮ ಮದುವೆ ಮನೆಗಳಲ್ಲಿ ಆ ಹಾಡುಗಳು ಕೇಳುತ್ತವೆ.

ಪ್ರೇಮದ ನಾಯಕನಿಗೆ ಕರಾಟೆಯ ಅಂಗಿ ತೊಡಿಸಿದ್ದು ಮಾರುಕಟ್ಟೆ. ‘ನ್ಯಾಯ ಎಲ್ಲಿದೆ’, ‘ಬೆಂಕಿ ಚೆಂಡು’, ‘ರಕ್ತ ತಿಲಕ’ ಹೀಗೆ ಒಂದರ ಹಿಂದೆ ಒಂದು ಚಿತ್ರ ಬಂದವು. ಹೆಸರಿನ ಹಿಂದೆ ‘ಕರಾಟೆ ಕಿಂಗ್’ ಸೇರಿತು. ಗೋಡೆಯ ಮೇಲಿನ ಭಿತ್ತಿಪತ್ರಗಳಲ್ಲಿ ಮುಖಕ್ಕಿಂತ ಮೊದಲು ಮುಷ್ಟಿ ಕಾಣಿಸತೊಡಗಿತು.

ಎರಡು ಕಾಲುಗಳು, ಎರಡು ದೋಣಿಗಳು

ಈ ಬಿರುದಿನೊಂದಿಗೆ ಅವರಿಗೆ ಎಷ್ಟು ಹೊಂದಾಣಿಕೆಯಿತ್ತು? ಇದಕ್ಕೆ ಅವರ ಮಾತನ್ನು ಹುಡುಕಬೇಕಾಗಿಲ್ಲ. ಅವರ ಕೆಲಸವೇ ಉತ್ತರ ಹೇಳುತ್ತದೆ.

ಕರಾಟೆಯ ಚಿತ್ರಗಳನ್ನು ತೆಗೆದವರು ಹೆಚ್ಚಾಗಿ ಬೇರೆಯವರು. ನಿರ್ದೇಶಕನ ಕುರ್ಚಿಯಲ್ಲಿ ತಾವೇ ಕುಳಿತು ಮನಸ್ಸಿಟ್ಟು ಮಾಡಿದ ಚಿತ್ರಗಳಲ್ಲಿ ಶಂಕರನಾಗ್ ಅವರು ಒದೆಯುವ ವೀರನನ್ನು ನಿಲ್ಲಿಸಲಿಲ್ಲ. 1980ರ ‘ಮಿಂಚಿನ ಓಟ’ ಕಾರುಗಳ್ಳರ ಕಥೆ. ಸೆರೆಮನೆಯಿಂದ ಓಡುವವರ ಕಥೆ. ಅಲ್ಲಿ ಗೆಲುವಿನ ಹೊಡೆದಾಟವಿಲ್ಲ, ಬೆನ್ನಟ್ಟುವ ಭಯವಿದೆ. ಮರಾಠಿಯ ನಟಿ ಪ್ರಿಯಾ ತೆಂಡೂಲ್ಕರ್ ಅದರಲ್ಲಿ ಅಭಿನಯಿಸಿದರು. ಆ ಚಿತ್ರ ರಾಜ್ಯ ಪ್ರಶಸ್ತಿಗಳನ್ನು ಗಳಿಸಿತು. 1985ರ ‘ಆ್ಯಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗ ಕಾಲುದಾರಿಯಲ್ಲಿ ಮಲಗಿದ ಬಡವರ ಮೇಲೆ ಕಾರು ಹರಿಸುತ್ತಾನೆ, ಸತ್ಯವನ್ನು ಹುಡುಕುವ ಪತ್ರಕರ್ತ ಸೋಲುತ್ತ ಸಾಗುತ್ತಾನೆ. ಆ ಪತ್ರಕರ್ತನಾಗಿ ನಟಿಸಿದವರು ಶಂಕರನಾಗ್. ಅದೇ ಹೊತ್ತಿಗೆ ಬೇರೊಂದು ಚಿತ್ರಮಂದಿರದಲ್ಲಿ ಹತ್ತು ಜನರನ್ನು ಒಬ್ಬನೇ ಉರುಳಿಸುತ್ತಿದ್ದ ನಟ, ತನ್ನ ಸ್ವಂತ ಚಿತ್ರದಲ್ಲಿ ಒಬ್ಬನ ಅಪರಾಧವನ್ನು ಸಾಬೀತುಪಡಿಸಲೂ ಒದ್ದಾಡುತ್ತಾನೆ. ಮುಷ್ಟಿಯಿಂದ ನ್ಯಾಯ ದೊರೆಯುತ್ತದೆಂಬ ಸುಲಭ ನಂಬಿಕೆಯನ್ನು ಅವರು ತಮ್ಮದಾಗಿ ಮಾಡಿಕೊಂಡಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸಾಮಾಜಿಕ ಸಮಸ್ಯೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂದು ‘ಆ್ಯಕ್ಸಿಡೆಂಟ್’ಗೆ ರಾಷ್ಟ್ರಪ್ರಶಸ್ತಿ ಬಂತು.

ಇನ್ನೊಂದು ಸಾಕ್ಷಿ ರಂಗಭೂಮಿ. ಬೆಂಗಳೂರಿನಲ್ಲಿ ಅವರು ‘ಸಂಕೇತ್’ ನಾಟಕ ತಂಡವನ್ನು ಕಟ್ಟಿದರು. ಹಗಲು ಸ್ಟುಡಿಯೊದಲ್ಲಿ ಹೊಡೆದಾಟ, ಸಂಜೆ ನಾಟಕದ ತಾಲೀಮು. ಕಾರ್ನಾಡರ ‘ಅಂಜುಮಲ್ಲಿಗೆ’ಯನ್ನೂ ‘ನಾಗಮಂಡಲ’ವನ್ನೂ ಆ ತಂಡ ರಂಗಕ್ಕೆ ತಂದಿತು. ಮರಾಠಿಯ ಜಯವಂತ ದಳವಿ ಅವರ ‘ಬ್ಯಾರಿಸ್ಟರ್’, ‘ಸಂಧ್ಯಾಛಾಯಾ’ ನಾಟಕಗಳನ್ನೂ ಕನ್ನಡದಲ್ಲಿ ಆಡಿತು. ಮುಪ್ಪಿನಲ್ಲಿ ಮಕ್ಕಳ ದಾರಿ ಕಾಯುವ ವೃದ್ಧ ದಂಪತಿಗಳ ಕಥೆಯಾದ ‘ಸಂಧ್ಯಾಛಾಯಾ’ ಎಲ್ಲಿ, ಕರಾಟೆಯ ಬಿರುದು ಎಲ್ಲಿ! ಒಂದರಿಂದ ಬಂದ ಹಣ ಇನ್ನೊಂದನ್ನು ಸಾಕಿತೆಂಬುದು ಕನ್ನಡ ಚಿತ್ರರಂಗ ಬಲ್ಲ ಮಾತು. ಸಂಕೇತ್ ಹೆಸರಿನ ಧ್ವನಿಮುದ್ರಣ ಸ್ಟುಡಿಯೊ ಕೂಡ ಹಾಗೆಯೇ ಎದ್ದಿತು.

ಇದನ್ನು ಕೇವಲ ತ್ಯಾಗದ ಕಥೆಯಾಗಿ ಹೇಳಿ ಮುಗಿಸುವುದು ಸರಿಯಲ್ಲ. ಅವಸರದಲ್ಲಿ ಒಪ್ಪಿಕೊಂಡ ಚಿತ್ರಗಳಲ್ಲಿ ಹಲವು ಸತ್ವಹೀನವಾಗಿದ್ದವು. ಸುಮಾರು 12 ವರ್ಷಗಳಲ್ಲಿ 80ಕ್ಕೂ ಮಿಕ್ಕಿ ಚಿತ್ರಗಳಲ್ಲಿ ಒಬ್ಬ ನಟ ಕಾಣಿಸಿಕೊಂಡರೆ, ಎಲ್ಲ ಪಾತ್ರಗಳಿಗೂ ಜೀವ ತುಂಬುವುದು ಸಾಧ್ಯವಿಲ್ಲ. ಹೊಡೆದಾಟದ ದೃಶ್ಯಗಳು ಒಂದರ ಪಡಿಯಚ್ಚಿನಂತೆ ಇನ್ನೊಂದು ಬಂದವು. ಗಂಡುಗಲಿಯಾಗಿ ಕಂಡ ನಟನನ್ನು ಬಲ್ಲವರಿಗೆ ಆ ಚಿತ್ರಗಳನ್ನು ನೋಡುವಾಗ ಒಂದು ಬಗೆಯ ಕಸಿವಿಸಿಯಾಗುವುದು ಸಹಜ. ಆದರೆ ಆ ಚಿತ್ರಗಳಿಂದಲೇ ಅವರು ಆಟೊ ಚಾಲಕರಿಗೆ, ಹಮಾಲರಿಗೆ, ಮಗ್ಗದ ಕೆಲಸಗಾರರಿಗೆ ಸ್ವಂತದವರಾದರು ಎಂಬುದನ್ನೂ ಮರೆಯಬಾರದು. ಇಚಲಕರಂಜಿಯ ಪವರ್‌ಲೂಮಿನ ಸದ್ದಿನ ನಡುವೆ ದುಡಿಯುವ ಕನ್ನಡದ ಕಾರ್ಮಿಕನಿಗೆ ಚಲನಚಿತ್ರೋತ್ಸವದ ಪ್ರಶಸ್ತಿ ತಲುಪುವುದಿಲ್ಲ. ಆಟೊ ರಾಜ ತಲುಪುತ್ತಾನೆ. 1988ರ ‘ಸಾಂಗ್ಲಿಯಾನ’, 1989ರ ‘ಸಿಬಿಐ ಶಂಕರ್’, 1990ರ ‘ಎಸ್.ಪಿ. ಸಾಂಗ್ಲಿಯಾನ ಭಾಗ 2’ ಚಿತ್ರಗಳನ್ನು ಪಿ. ನಂಜುಂಡಪ್ಪ ನಿರ್ದೇಶಿಸಿದರು. ಬರಿಯ ಒದೆತವನ್ನು ಬಿಟ್ಟು ಪತ್ತೇದಾರಿಯ ಜಾಣ್ಮೆ, ಗಾಂಭೀರ್ಯ, ಹಾಸ್ಯಗಳನ್ನು ಅವರು ಸಾಹಸದ ನಾಯಕನಿಗೆ ತೊಡಿಸಿದ್ದು ಅಲ್ಲಿ. ಬಿರುದಿನೊಡನೆ ಅವರು ಮಾಡಿಕೊಂಡ ರಾಜಿ ಬಹುಶಃ ಅದೇ. ಅದು ನೆಲೆಗೊಳ್ಳುವಷ್ಟರಲ್ಲಿ ಕಾಲ ಮುಗಿದುಹೋಯಿತು.

ಕೊಲ್ಹಾಪುರದಿಂದ ನೋಡಿದಾಗ

ಈ ಕಥೆಯನ್ನು ಕೊಲ್ಹಾಪುರದಲ್ಲಿ ಕುಳಿತು ನೆನೆಯುವುದಕ್ಕೆ ಇನ್ನೊಂದು ಅರ್ಥವಿದೆ. ಮೈಯ ವಿದ್ಯೆ ಮತ್ತು ಚಲನಚಿತ್ರ ಎರಡೂ ಬೇರೂರಿದ ನಗರ ಇದು. ಖಾಸಬಾಗ ಮೈದಾನದ ಕುಸ್ತಿ, ತಾಲೀಮುಗಳಲ್ಲಿ ಕಲಿಸುವ ಮರ್ದಾನಿ ಖೇಳ, ಅದರ ಲಾಠಿ, ದಂಡಪಟ್ಟಾಗಳು ಜಗತ್ತಿಗೆ ಗೊತ್ತು. ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಮೂಕಚಿತ್ರಗಳನ್ನು ತೆಗೆದದ್ದು ಇಲ್ಲಿ. 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ್ದೂ ಇಲ್ಲಿ. ಭಾಲಜಿ ಪೆಂಢಾರಕರ ಅವರ ಜಯಪ್ರಭಾ ಸ್ಟುಡಿಯೊ ಐತಿಹಾಸಿಕ ಚಿತ್ರಗಳ ಕತ್ತಿಯ ಸದ್ದನ್ನು ದೀರ್ಘಕಾಲ ಕೇಳಿತು.

ಇದೇ ಕೊಲ್ಹಾಪುರದ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಚಿತ್ರಜೀವನ ಆರಂಭಿಸಿದ ಮಾಸ್ಟರ್ ವಿಠ್ಠಲ್ ಅವರು ಮೂಕಚಿತ್ರಗಳ ಕಾಲದ ಸಾಹಸ ನಾಯಕರಲ್ಲಿ ಅಗ್ರಗಣ್ಯರಾಗಿದ್ದರು. 1931ರಲ್ಲಿ ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ಕ್ಕೆ ಅವರೇ ನಾಯಕ. ಆದರೆ ಉರ್ದು ಉಚ್ಚಾರಣೆ ಒಗ್ಗದ ಕಾರಣ ಆ ಮಾತಿನ ಚಿತ್ರದಲ್ಲಿ ಅವರ ಪಾತ್ರಕ್ಕೆ ಮಾತು ಕಡಿಮೆಯಾಯಿತು. ಮೈಯಿಂದ ಗೆದ್ದವರನ್ನು ಮಾತು ಸೋಲಿಸಿತು. ಶಂಕರನಾಗ್ ಅವರದು ಇದರ ತಿರುವುಮುರುವು. ಮಾತಿನಲ್ಲಿ, ರಂಗದಲ್ಲಿ ಪಳಗಿದವರನ್ನು ಮಾರುಕಟ್ಟೆ ಮೈಯ ನಾಯಕನನ್ನಾಗಿಸಿತು. ಕಲಾವಿದ ಏನು ಬಲ್ಲನೆಂಬುದಕ್ಕಿಂತ ಕಾಲ ಏನು ಬೇಡುತ್ತದೆಂಬುದು ಎರಡು ಕಡೆಯಲ್ಲೂ ಮೇಲಾಯಿತು.

ಮಾಲ್ಗುಡಿ ಮತ್ತು ನಮ್ಮ ಮಕ್ಕಳು

1980ರ ದಶಕದ ಕೊನೆಯಲ್ಲಿ ನಮ್ಮಲ್ಲಿ ಅನೇಕರು ಶಾಲೆಗೆ ಹೋಗುವ ಮಕ್ಕಳಾಗಿದ್ದೆವು. ಓಣಿಗೊಂದು ಟಿ.ವಿ. ಇದ್ದರೆ ಹೆಚ್ಚು. ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿ ಬರುತ್ತಿತ್ತು. ಆರ್.ಕೆ. ನಾರಾಯಣ್ ಅವರ ಕಥೆಗಳ ಆ ಸ್ವಾಮಿ, ಆ ಅಜ್ಜಿ, ಆ ಹೆಂಚಿನ ಮನೆ ನಮ್ಮವೇ ಎನಿಸುತ್ತಿದ್ದವು. ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದ್ದರೆಂದೂ, ನಿರ್ದೇಶಿಸಿದವರು ಶಂಕರನಾಗ್ ಎಂದೂ ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ನಾವು ಗೋಡೆಯ ಮೇಲಿನ ಕರಾಟೆಯ ಭಿತ್ತಿಪತ್ರವನ್ನು ಬಲ್ಲೆವು, ಮನೆಯೊಳಗಿನ ಮಾಲ್ಗುಡಿಯನ್ನೂ ಬಲ್ಲೆವು; ಎರಡೂ ಒಬ್ಬರವೇ ಎಂದು ಯಾರೂ ಹೇಳಿರಲಿಲ್ಲ. ಮೊದಲ ಸುತ್ತಿನ 39 ಕಂತುಗಳಲ್ಲಿ ಒಬ್ಬನೂ ಒಬ್ಬನನ್ನು ಒದ್ದು ಗೆಲ್ಲುವುದಿಲ್ಲ. 1987ರಲ್ಲಿ ಡಾ. ರಾಜಕುಮಾರ್ ಅವರನ್ನು ನಾಯಕರನ್ನಾಗಿಸಿ ತೆಗೆದ ‘ಒಂದು ಮುತ್ತಿನ ಕಥೆ’ಗೂ ಆಧಾರ ಅಮೆರಿಕದ ಜಾನ್ ಸ್ಟೈನ್‌ಬೆಕ್ ಅವರ ಕಾದಂಬರಿ. ಅವರ ಓದು, ಆಸಕ್ತಿ ಎಲ್ಲಿಯವರೆಗೆ ಚಾಚಿದ್ದವೆಂಬುದಕ್ಕೆ ಇವು ನಿದರ್ಶನ.

ಗಡಿಯಲ್ಲಿ ಬಾಳುವವರಿಗೆ ಭಾಷೆಯೆಂಬುದು ದಿನನಿತ್ಯದ ಪ್ರಶ್ನೆ. ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿ ಅಜ್ಜಿ ಕನ್ನಡ ಆಡುತ್ತಾಳೆ, ಮೊಮ್ಮಗ ಮರಾಠಿಯಲ್ಲಿ ಉತ್ತರಿಸುತ್ತಾನೆ. ಮಗನನ್ನು ಯಾವ ಮಾಧ್ಯಮಕ್ಕೆ ಸೇರಿಸುವುದೆಂದು ತಂದೆ ನಮ್ಮನ್ನು ಕೇಳುತ್ತಾನೆ. ಕನ್ನಡ ಉಳಿಯಬೇಕಾದರೆ ಮರಾಠಿಯನ್ನು ದೂರವಿಡಬೇಕೆಂದು ಕೆಲವರು, ಮರಾಠಿ ಬಂದ ಮೇಲೆ ಕನ್ನಡ ಏತಕ್ಕೆಂದು ಕೆಲವರು. ಕೊಂಕಣಿಯಲ್ಲಿ ಬೆಳೆದು, ಮರಾಠಿಯಲ್ಲಿ ಕಲಿತು, ಕನ್ನಡದಲ್ಲಿ ದುಡಿದು, ಹಿಂದಿಯಲ್ಲಿ ದೇಶವನ್ನೇ ತಲುಪಿದ ಶಂಕರನಾಗ್ ಅವರ ಬಾಳು ಈ ಎರಡೂ ವಾದಗಳಿಗೆ ಉತ್ತರವಾಗಿದೆ. ಒಂದು ಭಾಷೆಯಲ್ಲಿ ಗಳಿಸಿದ್ದನ್ನು ಇನ್ನೊಂದಕ್ಕೆ ತಂದು ಹಾಕುವವನು ಎರಡನ್ನೂ ಕಳೆದುಕೊಳ್ಳುವುದಿಲ್ಲ. ದಳವಿ ಅವರ ನಾಟಕ ಕನ್ನಡಕ್ಕೆ ಬಂದಾಗ ಮರಾಠಿ ಬಡವಾಗಲಿಲ್ಲ, ಕನ್ನಡ ಶ್ರೀಮಂತವಾಯಿತು.

2004ರಲ್ಲಿ ಅರುಂಧತಿ ನಾಗ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆಯಿತು. ಅಲ್ಲಿ ಕನ್ನಡದೊಂದಿಗೆ ಬೇರೆ ಭಾಷೆಗಳ ನಾಟಕಗಳೂ ನಡೆಯುತ್ತವೆ. ಆಟೊ ನಿಲ್ದಾಣದ ಫಲಕದ ಮೇಲಿನ ಹೆಸರೂ ಆ ರಂಗಮಂದಿರದ ಹೆಸರೂ ಒಂದೇ. ಈ ಎರಡರ ನಡುವೆ ಅವರು ಹರಿದು ಹಂಚಿಹೋಗಿದ್ದರು. ತೀರಿಕೊಂಡ ಮೇಲೆ ಎರಡೂ ಕಡೆಯವರು ಅವರನ್ನು ತಮ್ಮವರೆಂದರು.

ನಮ್ಮದೊಂದು ಸಣ್ಣ ವಿನಂತಿ. ಈ ಸಲ ನವೆಂಬರ್ ತಿಂಗಳಲ್ಲಿ ಗಡಿಭಾಗದ ಕನ್ನಡ ಶಾಲೆಗಳಲ್ಲಿ ರಾಜ್ಯೋತ್ಸವದ ಹಾಡು ಕುಣಿತಗಳು ಮುಗಿದ ಮೇಲೆ, 9ರಂದು ಒಂದು ಗಂಟೆಯನ್ನು ಬಿಡುವು ಮಾಡಿಕೊಳ್ಳೋಣ. ಮಾಲ್ಗುಡಿಯ ಒಂದು ಕಂತನ್ನು ಮಕ್ಕಳಿಗೆ ತೋರಿಸೋಣ. ಸಾಧ್ಯವಾದ ಕಡೆ ಮರಾಠಿಯ ಒಂದು ಕಿರುನಾಟಕವನ್ನು ಮಕ್ಕಳಿಂದಲೇ ಕನ್ನಡಕ್ಕೆ ತರಿಸಿ ಆಡಿಸೋಣ. ಆಟೊದ ಹಿಂದಿನ ಚಿತ್ರವನ್ನು ಕಂಡಾಗ ನಮ್ಮ ಮಗು ಕಾಲೆತ್ತಿ ಒದೆಯುವ ಆಟವನ್ನಷ್ಟೇ ಆಡದೆ, ಆ ಮನುಷ್ಯ ಯಾರೆಂದು ಎರಡೂ ಭಾಷೆಗಳಲ್ಲಿ ಹೇಳುವಂತಾದರೆ ನಮಗೆ ಅಷ್ಟು ಸಾಕು.